ನಿಲ್ಲದೆ ಓಡಿದ ಪ್ರೋಗ್ರಾಂ

೧೨ ಆಗಸ್ಟ್ ೧೯೮೬, ಮಂಗಳವಾರ

ಇಲ್ಲ, ಕ್ಷಮಾಪಣೆ ಪತ್ರ ನಾನು ಬರೆಯುವುದೇ ಇಲ್ಲ. ಬಸ್ಸಿನಲ್ಲಿ ಕುಂಬ್ರದವರೆಗೂ ಗೆಳತಿ ವಾಸಂತಿಯದ್ದು ಒಂದೇ ರಾಗ. "ಎರಡು ಗೆರೆ ಬರೆದು ಕೊಡು ಮಾರಾಯ್ತಿ, ನಿನ್ನ ಗಂಟು ಎಂತ ಹೋಗುದು?"

ಕಾಲೇಜಿಗೆ ಕಂಪ್ಯೂಟರ್ ಬಂದು ವರ್ಷವಾಯಿತು. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿ ಒಳಗೆ ಹೋಗಬೇಕು. ನಾವು ಕಾಗದದಲ್ಲಿ ಬರೆದ ಪ್ರೋಗ್ರಾಮನ್ನು ಪ್ರೇಮನಾಥ ಸರ್ ಟೈಪ್ ಮಾಡುತ್ತಾರೆ, ನಾವು ಹಿಂದೆ ನಿಂತು ನೋಡಬೇಕು. ಬೇಡಿ ಬೇಡಿ ಇವತ್ತು ಮೊದಲ ಸಲ ನಾನೇ ಕೂತೆ. ನನ್ನ ಹೆಸರು ಹತ್ತು ಸಲ ಪ್ರಿಂಟ್ ಆಗಬೇಕಿತ್ತು. ಎಣಿಸಿ ನಿಲ್ಲಿಸುವ ಸಾಲನ್ನೇ ಬರೆಯಲು ಮರೆತಿದ್ದೆ. ದಮಯಂತಿ, ದಮಯಂತಿ, ದಮಯಂತಿ ಎಂದು ಕಾಗದ ನೆಲದ ಮೇಲೆ ರಾಶಿ ಬಿತ್ತು. ಸತ್ಯ ಹೇಳಬೇಕೆಂದರೆ, ನನಗೆ ಖುಷಿಯೇ ಆಯಿತು.

ಸರ್ ಸ್ವಿಚ್ ಆಫ್ ಮಾಡಿದರು. "ಇನ್ನು ನಿನಗೆ ಕಂಪ್ಯೂಟರ್ ಇಲ್ಲ. ತಪ್ಪಾಯಿತು ಅಂತ ಬರೆದು ಕೊಟ್ಟರೆ ಮತ್ತೆ ನೋಡುವ."

"ತಪ್ಪು ಎಲ್ಲಿ ಉಂಟು ಅಂತ ಗೊತ್ತಾಯ್ತು ಸರ್. ಈಗಲೇ ಸರಿ ಮಾಡ್ತೇನೆ."

"ಎದುರು ಮಾತಾಡುದು ಬೇಡ."

ಅವರ ತಲೆಯ ಮೇಲೆಯೇ ನಮ್ಮ ವಿಭಾಗದ ಧ್ಯೇಯದ ಬೋರ್ಡು ತೂಗುತ್ತಿತ್ತು. ಉದ್ಘಾಟನೆಗೆಂದು ಅವರೇ ಹೇಳಿ ನನ್ನ ಕೈಯಲ್ಲಿ ಬರೆಸಿದ್ದು: 'ತಪ್ಪು ಮಾಡಲು ಹೆದರಬೇಡ, ಹುಡುಕಿ ತಿದ್ದು.' ಬರೆಯುವಾಗ ನಾನು ಅದನ್ನು ನಂಬಿಯೇ ಬರೆದೆ. ಈಗಲೂ ನಂಬುತ್ತೇನೆ.

ನಾಳೆ ಪತ್ರದ ಬದಲು ತಿದ್ದಿದ ಪ್ರೋಗ್ರಾಮನ್ನೇ ಅವರ ಮೇಜಿನ ಮೇಲೆ ಇಡುತ್ತೇನೆ. ಸರ್, ನನ್ನನ್ನು ಒಳಗೆ ಬಿಡುತ್ತೀರಾ, ಇಲ್ಲ ಆ ಬೋರ್ಡನ್ನು ಇಳಿಸುತ್ತೀರಾ?