ಆರನೆಯ ತ್ರಿಕೋನ

ಮಾರ್ಚ್ ೧೪, ಭಾನುವಾರ

ನಮ್ಮ ವಕೀಲಮ್ಮನ ತಾಯಿಗೆ,

ನೀನು ತಂಗಿಯ ಮನೆಗೆ ಹೋಗಿ ಹನ್ನೊಂದು ತಿಂಗಳಾಯಿತು. ಈ ಪತ್ರದಲ್ಲಿ ವಾದವಿಲ್ಲ. ಮಂಡಿಸಲು ನನ್ನಲ್ಲಿ ಪಕ್ಷವೇ ಉಳಿದಿಲ್ಲ.

ಮಗಳ ಪ್ರಯೋಗಾಲಯದ ಮುಖ್ಯಸ್ಥೆ ಬಂದಿದ್ದರು. ಅವಳು ಕತ್ತರಿಸಿಟ್ಟು, ಅಂಟಿಸದೆ ಬಿಟ್ಟುಹೋದ ವೈರಸ್ಸಿನ ಮಾದರಿಯನ್ನು ಅಲ್ಲಿನ ಗಾಜಿನ ಕಪಾಟಿನಲ್ಲಿ ಇಡುತ್ತಾರಂತೆ. ಹುಳುಗಳಿಗೆ ತಗುಲಿ ಅವುಗಳ ಮೈಯನ್ನೇ ನೀಲಿಯಾಗಿ ಹೊಳೆಯಿಸುವ ವೈರಸ್ ಅದು. ಅದಕ್ಕೆಂದೇ ನೀಲಿ ರಟ್ಟು ತಂದಿದ್ದಳು. ವೈರಸ್ಸಿನ ಹೊರಕವಚವೆಂದರೆ ಇಪ್ಪತ್ತು ತ್ರಿಕೋನಗಳ ಕೋಟೆ, ಒಂದೊಂದೂ ಗೇಣುದ್ದ.

ಊಟದ ಮೇಜಿನ ಮೇಲೆ ಅವನ್ನು ಹರಡಿಕೊಂಡು ಕುಳಿತೆ. ಅವಳಿಗೆ ಹತ್ತು ವರ್ಷವಿದ್ದಾಗಿನಿಂದ ಅದೇ ಮೇಜಿನಲ್ಲಿ ಚರ್ಚಾಸ್ಪರ್ಧೆ ನಡೆಸುತ್ತಿದ್ದೆನಲ್ಲವೇ? ವಕೀಲಮ್ಮ ಎಂಬ ಅಡ್ಡಹೆಸರು ಅವಳಿಗೆ ಬಂದದ್ದೂ ಅಲ್ಲಿಂದಲೇ. ಮೂರು ನಿಮಿಷವಾದೊಡನೆ ಸಮಯ ಮುಗಿಯಿತೆಂದು ಲೋಟಕ್ಕೆ ಚಮಚ ಬಡಿಯುತ್ತಿದ್ದೆ. "ಮಗು ಊಟ ಮಾಡ್ಲಿ ಬಿಡ್ರೀ, ಕಾಲೇಜಿನ ಡಿಬೇಟ್ ಕಪ್ ನಿಮಗೆ ಯಾವತ್ತೋ ಬಂದಾಯ್ತು" ಎಂದು ನೀನು ಗದರಿದರೆ, ಅವಳು ತುತ್ತು ನುಂಗಿ, "ಅಮ್ಮಾ, ಇನ್ನೊಂದು ಪಾಯಿಂಟಿದೆ" ಎನ್ನುತ್ತಿದ್ದಳು.

ಒಂದು ಮೂಲೆಯ ಸುತ್ತ ಆರು ತ್ರಿಕೋನ ಅಂಟಿಸಿದೆ. ಅಳತೆಗೆ ಸರಿಯಾಗಿ ಕೂತವು, ಆದರೆ ತಟ್ಟೆಯಂತೆ ಚಪ್ಪಟೆ. ಯೋಚಿಸಿ ಒಂದನ್ನು ಕಿತ್ತೆ. ತೆರವು ತುಂಬಲು ಉಳಿದ ಐದೂ ಬಾಗಿದವು. ಬಾಗಿದ ಮೇಲೆಯೇ ಮೂಲೆ ಎದ್ದು ನಿಂತಿತು. ನಮ್ಮ ಮನೆಯಲ್ಲಿ ಬಾಗದೆ ಉಳಿದವನು ನಾನೊಬ್ಬನೇ.

ಹುಳುವಿನ ಕಾಯಿಲೆಗೆ ಆಯುಷ್ಯ ಸವೆಸುತ್ತಿದ್ದಾಳೆಂಬ ಕೋಪದಲ್ಲಿ, ಅವಳ ಉಪನ್ಯಾಸಕ್ಕೆ ಬರುವುದಿಲ್ಲವೆಂದು ಅವಳ ಮುಖಕ್ಕೇ ಹೇಳಿದ್ದೆ. ಉಪನ್ಯಾಸ ಮುಗಿದ ಎಂಟನೆಯ ದಿನ ಆ ಅಪಘಾತದಲ್ಲಿ ಅವಳು ಹೋದಳು. ಅವಳ ಕೊನೆಯ ಉಪನ್ಯಾಸಕ್ಕೂ ಹೋಗದವನ ಜೊತೆ ಇರಲಾರೆನೆಂದು ನೀನು ಹೊರಟಾಗ, ನಾನು ತಡೆಯಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಮಾದರಿಯನ್ನು ಒಯ್ಯಬೇಕು. ಒಬ್ಬನೇ ಹಿಡಿದರೆ ನಜ್ಜುಗುಜ್ಜಾದೀತು. ಇನ್ನೊಂದು ಕಡೆ ಹಿಡಿಯಲು ನೀನು ಬರಬೇಕೆಂದು ಕೇಳಿಕೊಳ್ಳುತ್ತಿದ್ದೇನೆ.

ಇಂತು,
ಲೋಟ ಬಡಿಯುತ್ತಿದ್ದವನು

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಆರನೆಯದನ್ನು ಕೀಳುವ ಉಪಾಯ ನನ್ನದಲ್ಲ. ಉಪನ್ಯಾಸದ ದಿನ ನಾನು ಹೋಗಿದ್ದೆ. ಬಾಗಿಲ ಹೊರಗೇ ನಿಂತೆ. ಬರುವುದಿಲ್ಲ ಎಂದವನಿಗೆ ಒಳಗೆ ಕಾಲಿಡಲಾಗಲಿಲ್ಲ. ಅವಳ ದನಿ ಕೇಳಿಸುತ್ತಿತ್ತು: "ಆರಿದ್ರೆ ಕೋಟೆ ಮುಚ್ಚಲ್ಲ, ಮೂಲೇಲಿ ಐದೇ ಇರ್ಬೇಕು. ಇನ್ನೊಂದು ಪಾಯಿಂಟಿದೆ, ಆದ್ರೆ ನಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಲೋಟ ಬಡೀತಿದ್ರು." ಎಲ್ಲರೂ ನಕ್ಕರು. ಹೊರಗೆ ನಾನೂ ನಕ್ಕೆ, ಸದ್ದಾಗದಂತೆ. ಆ ಮಾತನ್ನು ಇಷ್ಟು ದಿನ ಒಬ್ಬನೇ ಇಟ್ಟುಕೊಂಡಿದ್ದೆ. ಅದರಲ್ಲಿ ನಿನ್ನ ಪಾಲೂ ಇದೆ.