ಕೊನೆಯ ಪದ ಯಾವುದು?

ಔಡೆಕರ್ಕೆ, ಝೇಲಂಡ್
ಜೂನ್ ತಿಂಗಳು, ಶನಿವಾರ ಮಧ್ಯಾಹ್ನ

ನನ್ನ ನೆಲ್ಲಾಳಿಗೆ ಪ್ರೀತಿಯಿಂದ,

ನಿನ್ನ ಕಾಗದ ಬುಧವಾರವೇ ಕೈ ಸೇರಿತು. ಸೈಕಲ್ ಅಂಗಡಿಯಲ್ಲಿದ್ದೆ, ಕೈಯೆಲ್ಲ ಗ್ರೀಸು. ತೊಳೆದುಕೊಂಡು ಬರುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಹಾಗೇ ಒಡೆದೆ. ಈಗ ನಿನ್ನ ಅಕ್ಷರಗಳ ಮೇಲೆಲ್ಲ ನನ್ನ ಹೆಬ್ಬೆಟ್ಟು ಕೂತಿದೆ. ಅಂದಿನಿಂದ ಉತ್ತರ ಬರೆಯಲು ಕೂರುತ್ತೇನೆ, ಏಳುತ್ತೇನೆ, ಮತ್ತೆ ಕೂರುತ್ತೇನೆ. ನಾಳೆ ಭಾನುವಾರ, ದೇವರ ದಿನ, ಪೆನ್ನು ಮುಟ್ಟುವಂತಿಲ್ಲ. ಇವತ್ತು ಬರೆಯದಿದ್ದರೆ ಇದೆಲ್ಲ ಸೋಮವಾರದವರೆಗೆ ತಲೆಯೊಳಗೇ ಕೊಳೆಯುತ್ತದೆ. ಅದಕ್ಕೇ ಅಂಗಡಿಯ ಬಾಗಿಲೆಳೆದು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ.

ಕೊಮ್ಮರೀನಾಳ ಮನೆಯಲ್ಲಿ ನೀನು ಸುಖವಾಗಿದ್ದೀಯ ಎಂದು ಬರೆದಿದ್ದೀಯ. ಸಂತೋಷ. ಅಕ್ಕನ ಮನೆ, ಯಾಕೆ ಸುಖವಿರಬಾರದು? ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ನೀವು ಬಾ ಅಂದ್ರೆ ಬರ್ತೀನಿ" ಎಂದು, ಅದು ನನ್ನ ನಿದ್ದೆ ಕೆಡಿಸಿದೆ. ಬಾ ಎಂದು ಬರೆದರೆ ನೀನು ಬಂದೇ ಬರುತ್ತೀಯ, ನನಗೆ ಗೊತ್ತು. ಗಂಡ ಹೇಳಿದ ಎಂದು ಬರುತ್ತೀಯ. ಹೆದರಿ ಬಂದಳೋ ಬೇಕೆಂದು ಬಂದಳೋ ಎಂಬುದು ನಾನು ಸಾಯುವತನಕ ನನಗೆ ತಿಳಿಯುವುದಿಲ್ಲ. ಬರೆಯದಿದ್ದರೆ ಇವನಿಗೆ ನಾನು ಬೇಡವಾದೆ ಎಂದುಕೊಂಡು ಅಲ್ಲೇ ಉಳಿಯುತ್ತೀಯ. ಅತ್ತ ದರಿ, ಇತ್ತ ಪುಲಿ. ಎಂಥ ಸಾಲು ಬರೆದೆ ಮಾರಾಯ್ತಿ!

ಮಗಳ ಮದುವೆಯ ದಿನದ ಸಂಗತಿಯನ್ನು ಮತ್ತೆ ಮತ್ತೆ ತಿರುವಿ ನೋಡುತ್ತಿದ್ದೇನೆ. ಟ್ಯೂಬನ್ನು ನೀರಿನ ತೊಟ್ಟಿಗೆ ಅದ್ದಿ ಗುಳ್ಳೆ ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತೇವಲ್ಲ, ಹಾಗೆ. ನಮ್ಮ ಟನ್ನೆಕೆ ಆ ಪಟ್ಟಣದ ಚರ್ಚಿನಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಿದ್ದಳು. ಆ ಎಳೆಯ ಅಯ್ಯನವರು ಹೊಸ ಅನುವಾದದ ಬೈಬಲನ್ನು ತೆರೆದಾಗಲೇ ನನಗೆ ಸ್ವಲ್ಪ ಇರುಸುಮುರುಸಾಯಿತು, ಆದರೆ ಮಗಳ ದಿನ ಎಂದು ಸುಮ್ಮನಿದ್ದೆ. ಗಂಡಹೆಂಡಿರ ವಚನ ಬಂತು. ನನಗದು ಬಾಯಿಪಾಠ. "ಹೆಂಡತಿಯು ತನ್ನ ಗಂಡನಿಗೆ ಭಯಪಡತಕ್ಕದ್ದು." ಅಯ್ಯನವರಿಗಿಂತ ಮುಂಚೆ ನನ್ನ ತುಟಿ ಅಲ್ಲಾಡುತ್ತಿತ್ತು. ಅವರು ಓದಿದ್ದು, "ಹೆಂಡತಿಯು ತನ್ನ ಗಂಡನನ್ನು ಗೌರವದಿಂದ ಕಾಣಲಿ." ಟನ್ನೆಕೆ ಅಳಿಯನ ಕಡೆ ನೋಡಿ ನಕ್ಕಳು. ಚರ್ಚಿನಲ್ಲಿ ಅಯ್ಯನವರ ಪ್ರಸಂಗ ಶುರುವಾಗುವಾಗ ನೀನು ಯಾವಾಗಲೂ ನೋಡದೆಯೇ ನನ್ನ ಅಂಗೈಗೆ ಒಂದು ಪೆಪ್ಪರ್‌ಮಿಂಟು ಹಾಕುತ್ತೀಯ. ಅವತ್ತು ಕೈ ಚಾಚಿಕೊಂಡೇ ಕೂತಿದ್ದೆ, ಪೆಪ್ಪರ್‌ಮಿಂಟು ಬರಲಿಲ್ಲ. ತಿರುಗಿ ನೋಡಿದರೆ ನೀನು ಕಲ್ಲಿನ ಹಾಗೆ ಕೂತಿದ್ದೆ.

ವಾಪಸು ಬರುವಾಗ ಕಡಲ ಒಡ್ಡಿನ ರಸ್ತೆಯಲ್ಲಿ ನೀನು "ರೀ, ಗಾಡಿ ನಿಲ್ಸಿ" ಎಂದೆ. ನಿಲ್ಲಿಸಿದೆ. ಹೊಟ್ಟೆ ತೊಳಸಿತೇನೋ ಎಂದುಕೊಂಡೆ.

"ಅದನ್ನ ಹಾಗೂ ಬರೀಬಹುದಿತ್ತಾ? ನಮ್ಮ ಮದುವೇಲೂ ಹಾಗೇ ಓದಬಹುದಿತ್ತಾ?" ಎಂದು ಕೇಳಿದೆ ನೀನು.

"ಎರಡೂ ಒಂದೇ ಬಿಡೇ, ಮಾತು ಬೇರೆ ಅಷ್ಟೆ" ಎಂದೆ ನಾನು.

"ಒಂದೇ ಅಲ್ಲ. ಇಷ್ಟು ವರ್ಷ ನಾನು ನಿಮಗೆ ಹೆದರ್ಕೊಂಡೇ ಬದುಕಿದೀನಿ" ಎಂದೆ.

ನಾನು ನಕ್ಕುಬಿಟ್ಟೆ. ನೆಲ್ಲಾ, ನೀನೇ ಹೇಳು, ನಗದೆ ಇನ್ನೇನು ಮಾಡಲಿ? ಪಕ್ಕದ ಮನೆಯ ಹೆಬ್ಬಾತು ಅಟ್ಟಿಸಿಕೊಂಡು ಬಂದರೆ ಅಂಗಡಿಯೊಳಗೆ ಓಡಿಹೋಗಿ ಬಾಗಿಲು ಹಾಕಿಕೊಳ್ಳುವವನು ನಾನು. ಊರಿಗೆ ಊರೇ ನೋಡಿದೆ ಅದನ್ನು. ಇಂಥವನಿಗೆ ಹೆದರುವವರು ಯಾರು? ನನ್ನ ನಗು ನಿನಗೆ ಎಷ್ಟು ನೋವು ಕೊಟ್ಟಿತೆಂದು ಮಾರನೆಯ ಬೆಳಿಗ್ಗೆ ನೀನು ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದಾಗಲೇ ತಿಳಿದದ್ದು.

ನಾನು ಯಾವತ್ತಾದರೂ ನಿನ್ನ ಮೇಲೆ ಕೈ ಎತ್ತಿದ್ದುಂಟೆ, ಗದರಿಸಿದ್ದುಂಟೆ ಎಂದು ಫೋನಿನಲ್ಲಿ ಕೇಳಿದೆ. ಅದಕ್ಕೆ ಕಾಗದದಲ್ಲಿ ಉತ್ತರ ಕೊಟ್ಟಿದ್ದೀಯ. "ನೀವೇನೂ ಮಾಡ್ಲಿಲ್ಲ. ಅದೇ ಕಷ್ಟ. ಯಾವಾಗ ಮಾಡ್ತೀರೋ ಅಂತ ಕಾಯ್ತಾ ಇದ್ದೆ." ಮಾಡದೇ ಇದ್ದದ್ದಕ್ಕೆ ಒಬ್ಬ ಮನುಷ್ಯ ಹೇಗೆ ಕ್ಷಮೆ ಕೇಳಬೇಕು?

ಆಮೇಲೆ ಕಾರಿನ ವಿಷಯ. ಟನ್ನೆಕೆ ಅಂಬೆಗಾಲಿಡುತ್ತಿದ್ದಾಗ ಕಾರು ಓಡಿಸುವುದನ್ನು ಕಲಿಯುತ್ತೇನೆ ಎಂದೆಯಂತೆ, "ನಿನಗ್ಯಾಕೆ ಅದು?" ಎಂದೆನಂತೆ ನಾನು. ನನಗೆ ನೆನಪೇ ಇಲ್ಲ. ಆದರೆ ಅಂದಿರುತ್ತೇನೆ, ನನ್ನ ಬಾಯಿ ನನಗೆ ಗೊತ್ತು. ನಾನಿಲ್ಲವೇ, ಎಲ್ಲಿ ಬೇಕಾದರೂ ಕರೆದುಕೊಂಡು ಹೋಗುತ್ತೇನೆ ಎನ್ನುವ ಅರ್ಥದಲ್ಲಿ ಅಂದಿರಬೇಕು. ನೀನು "ಆಯ್ತು" ಎಂದೆ. ನೀನು ಯಾವಾಗಲೂ "ಆಯ್ತು" ಎನ್ನುತ್ತಿದ್ದೆ. ನನಗೂ ನೆಲ್ಲಾಗೂ ಇದುವರೆಗೆ ಒಂದು ಮಾತು ಬಂದಿಲ್ಲ, ಇಬ್ಬರದೂ ಒಂದೇ ಮನಸ್ಸು ಎಂದು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಆ ಮನಸ್ಸು ಯಾರದು, ನನ್ನದೊಂದೇ ಅಲ್ಲವೇ? ನೀನು ಎಲ್ಲಿದ್ದೆ?

ಶನಿವಾರದ ಮಜ್ಜಿಗೆ ಗಂಜಿಯನ್ನೇ ನೋಡು. ನನ್ನ ತಾಯಿ ಮಾಡುತ್ತಿದ್ದಳೆಂದು ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿದೆನಂತೆ, ಅಲ್ಲಿಂದ ಶನಿವಾರ ತಪ್ಪದೆ ಮಾಡಿದ್ದೀಯ, ನಿನಗೆ ಅದರ ವಾಸನೆ ಕಂಡರಾಗದಂತೆ. ನೆಲ್ಲಾ, ನನಗೂ ಆಗುವುದಿಲ್ಲ! ಚಿಕ್ಕಂದಿನಿಂದ ಆಗುವುದಿಲ್ಲ. ನಿನಗೆ ಇಷ್ಟವಿರಬೇಕೆಂದು ಕಣ್ಣು ಮುಚ್ಚಿ ನುಂಗುತ್ತಿದ್ದೆ. ಇವತ್ತೂ ಶನಿವಾರ, ಗಂಜಿಯಿಲ್ಲದ ಶನಿವಾರ, ಬ್ರೆಡ್ಡು ತಿಂದೆ. ನಗಲೋ ಅಳಲೋ ತಿಳಿಯಲಿಲ್ಲ.

ನಿನ್ನ ಕಾಗದದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಬೇರೆಯದೇ ಮಾತು. ಸಂಜೆ ಊಟವಾದ ಮೇಲೆ ನಾನು ಅಧ್ಯಾಯ ಓದಿ ಬೈಬಲನ್ನು ಮುಚ್ಚಿ "ಕೊನೆಯ ಪದ ಯಾವುದು?" ಎಂದು ಕೇಳುತ್ತೇನಲ್ಲ, ಅದು. ಅದನ್ನು ಯಾರು ಕೇಳುವುದಿಲ್ಲ? ನಮ್ಮೂರಿನ ಪ್ರತಿ ಮೇಜಿನಲ್ಲೂ ಅಪ್ಪಂದಿರು ಕೇಳುತ್ತಾರೆ, ಮಕ್ಕಳು ಗಮನವಿಟ್ಟು ಕೇಳಿದವೋ ಇಲ್ಲವೋ ಎಂದು ನೋಡಲು. ನನ್ನಪ್ಪ ಕೇಳುತ್ತಿದ್ದರು, ಹೇಳದಿದ್ದರೆ ಸೌಟಿನ ಹಿಡಿಯಿಂದ ಬೆರಳ ಗೆಣ್ಣಿಗೆ ಒಂದು ಬೀಳುತ್ತಿತ್ತು. ನಮ್ಮ ಟನ್ನೆಕೆಗೆ ಅದು ಆಟವಾಗಿತ್ತು. ನಾನು ಪುಸ್ತಕ ಮುಚ್ಚುವ ಮೊದಲೇ ಕಿರುಚುತ್ತಿದ್ದಳು. ಅವಳು ಓದಲು ಪಟ್ಟಣಕ್ಕೆ ಹೋದಳು, ಮೇಜಿನಲ್ಲಿ ನಾವಿಬ್ಬರೇ ಉಳಿದೆವು. ನಾನು ನಿನ್ನನ್ನು ಕೇಳತೊಡಗಿದೆ. ನೀನು ತಡಮಾಡದೆ ಹೇಳುತ್ತಿದ್ದೆ, ಒಂದು ದಿನವೂ ತಪ್ಪಿದವಳಲ್ಲ. ನನ್ನ ಹೆಂಡತಿ ಎಷ್ಟು ಭಕ್ತಿಯಿಂದ ಕೇಳುತ್ತಾಳೆ ಎಂದು ಹೆಮ್ಮೆ ನನಗೆ.

ನೀನು ಬರೆದದ್ದು ಹೀಗೆ: "ನೀವು ಓದೋವಾಗ ನನಗೆ ಒಂದು ವಚನವೂ ಕಿವಿಗೆ ಬೀಳ್ತಿರಲಿಲ್ಲ. ಬರ್ತಾ ಇರೋ ಪದ ಒಂದೊಂದನ್ನೂ ಇದೇ ಕೊನೇದಿರಬಹುದು ಅಂತ ಗಟ್ಟಿಯಾಗಿ ಹಿಡ್ಕೊಳ್ತಿದ್ದೆ, ಬಿಡ್ತಿದ್ದೆ, ಮುಂದಿನದನ್ನ ಹಿಡ್ಕೊಳ್ತಿದ್ದೆ. ಎದೆ ಹೊಡ್ಕೊಳ್ತಿತ್ತು." ಅಂದರೆ ಅಷ್ಟು ವರ್ಷದ ಓದಿನಲ್ಲಿ ನಿನಗೆ ದಕ್ಕಿದ್ದೇನು? ಬೈಬಲನ್ನು ಆದಿಯಿಂದ ಅಂತ್ಯದವರೆಗೆ ಎಷ್ಟೋ ಸಲ ನಿನಗೆ ಓದಿ ಹೇಳಿದೆ ಎಂದು ನಾನು ತಿಳಿದಿದ್ದೆ. ಬಾಯಿಗೆ ಬಂದ ಅಭ್ಯಾಸ, ಅದಕ್ಕೇ ಕೇಳುತ್ತಿದ್ದೆ ಎಂದು ನಾನೀಗ ಬರೆಯಬಹುದು. ಇನ್ನೂ ಒಂದು ಕಾರಣವಿದೆ. ಬರೆಯಲು ನಾಚಿಕೆಯಾಗುತ್ತದೆ, ಆಮೇಲೆ ಧೈರ್ಯ ಬಂದರೆ ನೋಡೋಣ.

ಗುರುವಾರ ನಮ್ಮ ಅಯ್ಯನವರ ಮನೆಗೆ ಹೋದೆ. ನೆಟ್ಟಗೆ ಕೇಳಿದೆ, ಆ ವಚನದ ಮೂಲದಲ್ಲಿ ಭಯ ಅಂತಿದೆಯೋ ಗೌರವ ಅಂತಿದೆಯೋ ಎಂದು. ಅವರು ಗ್ರೀಕ್ ಪುಸ್ತಕ ತೆಗೆದು ತೋರಿಸಿದರು. ನನಗೆ ಅದು ಕೋಳಿ ಕೆರೆದ ಹಾಗೆ ಕಂಡಿತು.

"ಇಲ್ಲಿರೋದು ಭಯ ಅನ್ನೋದಕ್ಕೆ ಹತ್ತಿರದ ಮಾತೇ, ಕ್ರೈನ್. ಆದ್ರೆ ಆ ಕಾಲದ ಜನ ಪೂಜ್ಯಭಾವಕ್ಕೂ ಅದನ್ನೇ ಹೇಳ್ತಿದ್ರು. ನಮ್ಮ ಹಿಂದಿನವರು ಭಯ ಅಂತ ಆರಿಸ್ಕೊಂಡ್ರು. ಈಗಿನವರು ಗೌರವ ಅಂತ ಆರಿಸ್ಕೊಂಡಿದಾರೆ" ಎಂದರು.

"ಆರಿಸ್ಕೊಂಡ್ರು ಅಂದ್ರೆ? ಯಾರೋ ಕೂತು ಆರಿಸಿದ್ದಾ ಅಯ್ಯನವರೇ?"

"ಮತ್ತೆ? ಪ್ರಾರ್ಥನೆ ಮಾಡಿ, ಚರ್ಚೆ ಮಾಡಿ ಆರಿಸಿದ್ದು. ನೀನು ತೀರಾ ತಲೆ ಕೆಡಿಸ್ಕೋಬೇಡಪ್ಪ. ನನ್ನ ಸೈಕಲ್ಲು ಯಾವಾಗ ಕೊಡ್ತೀಯ?"

ಸೈಕಲ್ಲು ಹಾಳಾಗಲಿ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಅದೇ. ನಾಲ್ಕು ನೂರು ವರ್ಷದ ಹಿಂದೆ ಪಂಡಿತರು ಕೂತು ಇದಿರಲಿ ಎಂದು ಒಂದು ಪದ ಆರಿಸಿ, ಸೂಪು ಕುಡಿದು ಮಲಗಿದರು. ಇಲ್ಲಿ ನನ್ನ ಅಡುಗೆಮನೆಯಲ್ಲಿ ನನ್ನ ಹೆಂಡತಿ ನನಗೆ ಹೆದರಿಕೊಂಡು ಗಂಜಿ ಬೇಯಿಸಿದಳು. ಅವರ ಮೇಲೆ ಸಿಟ್ಟು ಬಂತು. ಮರುಕ್ಷಣವೇ, ಅವರು ದೇವರ ಕೆಲಸ ಮಾಡಿದವರಲ್ಲವೇ, ನೀನು ಯಾರೋ ಪಂಚರ್ ಹಾಕುವವನು ಎಂದು ನನಗೇ ಹೆದರಿಕೆಯಾಯಿತು.

ಸಭೆಯ ಹಿರಿಯ ಮರೀನಸ್ ಇದನ್ನೆಲ್ಲ ಕೇಳಿ ನಕ್ಕ. "ಎಂಥದಯ್ಯಾ ನಿನ್ನ ಗೋಳು! ಒಂದೇ ಸಾಲು ಬರಿ. 'ಬಾ' ಅಂತ. ಬರಲೇಬೇಕು, ಮದುವೆ ದಿನ ಸಭೆ ಮುಂದೆ ಮಾತು ಕೊಟ್ಟಿದಾಳೆ. ಹೆಂಡ್ತಿ ಹೆದರ್ತಾಳೆ ಅಂತ ಅಳೋ ಗಂಡಸನ್ನ ಇವತ್ತೇ ನೋಡಿದ್ದು ನಾನು. ನಮ್ಮನೆಯವಳು ಹೆದರೋದಿಲ್ಲ ಅಂತ ನಾನು ಅಳ್ತಾ ಇದೀನಿ!" ಎಂದ. ಕಳೆದ ಭಾನುವಾರ ಅವನ ಹೆಂಡತಿಯೇ ಹಿಂದಿನ ಬೆಂಚಿನಿಂದ ನನಗೊಂದು ಪೆಪ್ಪರ್‌ಮಿಂಟು ದಾಟಿಸಿದಳು. ಇಡೀ ಚರ್ಚು ನೋಡಿತು. ನಾನು ಅದನ್ನು ಬಾಯಿಗೆ ಹಾಕದೆ ಜೇಬಿಗಿಳಿಸಿದೆ.

ಇನ್ನೊಂದು ವಿಷಯ, ಇದನ್ನು ಕೊಮ್ಮರೀನಾಗೆ ತೋರಿಸಬೇಡ. ನಾನೂ ಹೆದರಿಯೇ ಬೆಳೆದವನು, ದೇವರಿಗೆ. ಗುಡುಗು ಬಂದರೆ ಅಪ್ಪ ನಮ್ಮನ್ನೆಲ್ಲ ಎಬ್ಬಿಸಿ, ಬಟ್ಟೆ ತೊಡಿಸಿ, ಬೈಬಲಿನ ಸುತ್ತ ಕೂರಿಸುತ್ತಿದ್ದರು. ಯಾರೂ ಉಸಿರೆತ್ತುವಂತಿರಲಿಲ್ಲ. ದೇವರ ಭಯವೇ ಜ್ಞಾನಕ್ಕೆ ಮೂಲ ಎಂದು ಗೋಡೆಯ ಮೇಲೆ ಬರೆಸಿ ತೂಗುಹಾಕಿದ್ದೇವಲ್ಲ ನಾವೇ. ಈಗ ಒಂದು ಯೋಚನೆ ಬಂದಿದೆ, ಓಡಿಸಿದರೂ ಹೋಗುತ್ತಿಲ್ಲ. ದೇವರಿಗೂ ನನ್ನ ಹಾಗೇ ಆಗಿರಬಹುದೆ? ನಾವೆಲ್ಲ ನಡುಗುತ್ತ ಕೂತಿದ್ದೇವೆ, ಆತ ಮೇಜಿನ ಆ ತುದಿಯಲ್ಲಿ ಒಬ್ಬನೇ ಕೂತು, ಇವರು ನನ್ನ ಜೊತೆ ಯಾಕೆ ಮಾತೇ ಆಡುವುದಿಲ್ಲ ಎಂದುಕೊಳ್ಳುತ್ತಿದ್ದಾನೆಯೇ? ಹೀಗೆ ಯೋಚಿಸುವುದೇ ಪಾಪವೋ ಏನೋ. ಆ ಭಯವೇ ಇಲ್ಲದಿದ್ದರೆ ನಾನು ನೆಟ್ಟಗೆ ಬಾಳುತ್ತಿದ್ದೆನೆ ಎಂದೂ ಅನ್ನಿಸುತ್ತದೆ. ಭಯ ನನ್ನನ್ನು ಕಾಪಾಡಿತೋ, ನಿನ್ನನ್ನು ನನ್ನಿಂದ ದೂರ ಮಾಡಿತೋ, ಎರಡೂ ನಿಜವೋ? ನನಗೆ ಏನೂ ತಿಳಿಯುತ್ತಿಲ್ಲ ನೆಲ್ಲಾ. ಇಂಥದ್ದನ್ನೆಲ್ಲ ಕೇಳಬೇಕಾದವಳು ನೀನು, ನೀನೇ ಇಲ್ಲ.

ನೀನು ಈಗ ಗೂಸ್ ಪಟ್ಟಣದಲ್ಲಿ ಕಾರು ಓಡಿಸಲು ಕಲಿಯುತ್ತಿದ್ದೀಯ, ರಸ್ತೆಯ ತಿರುವುಗಳಲ್ಲಿ ಜೋರಾಗಿ ಹಾಡುತ್ತೀಯ ಎಂದು ನಿನ್ನಕ್ಕ ಹೇಳಿದಳು. ನೀನು ಹಾಡುವುದನ್ನು ನಾನು ಚರ್ಚಿನಲ್ಲಿ ಬಿಟ್ಟರೆ ಎಲ್ಲೂ ಕೇಳಿಲ್ಲ. ಹೊಟ್ಟೆಕಿಚ್ಚಾಯಿತು, ಇದ್ದದ್ದನ್ನು ಬರೆದಿದ್ದೇನೆ.

ನಿನ್ನೆ ಅಂಗಡಿಯ ಮುಂದಿನ ಅಂಗಳದಲ್ಲಿದ್ದ ತುಕ್ಕು ಹಿಡಿದ ಸೈಕಲ್ಲುಗಳನ್ನೆಲ್ಲ ಗುಜರಿಯವನಿಗೆ ಕೊಟ್ಟುಬಿಟ್ಟೆ. ತೆಗೆಯಿರಿ ತೆಗೆಯಿರಿ ಎಂದು ನೀನು ಹೇಳದೇ ಇದ್ದದ್ದು ಈಗ ನೆನಪಾಗುತ್ತದೆ, ಬರೀ ನೋಡುತ್ತಿದ್ದೆ. ಈಗ ಅಲ್ಲಿ ಒಂದು ಕಾರು ಒಳಗೆ ಬರುವಷ್ಟು ಜಾಗವಿದೆ. ತಿರುಗಿಸಿಕೊಂಡು ಹೊರಗೆ ಹೋಗುವಷ್ಟೂ ಜಾಗವಿದೆ, ನಾನೇ ಹಗ್ಗ ಹಿಡಿದು ಅಳೆದೆ. ಇದು ಅಪ್ಪಣೆಯಲ್ಲ. ಜಾಗ ಇದೆ ಎಂದು ತಿಳಿಸಿದೆ ಅಷ್ಟೆ.

ನಿನ್ನವನೇ ಆದ, ಹೆಬ್ಬಾತಿಗೆ ಇವತ್ತಿಗೂ ಹೆದರುವ,
ಕ್ರೈನ್

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದೆ, ಆ ಇನ್ನೊಂದು ಕಾರಣ ಬರೆಯದೆ ಇರಲಾಗಲಿಲ್ಲ. ನಿನ್ನೆ ಸಂಜೆ ಅಧ್ಯಾಯ ಓದಿ, ಪುಸ್ತಕ ಮುಚ್ಚಿ, ಖಾಲಿ ಕುರ್ಚಿಯನ್ನು ನೋಡಿಕೊಂಡು "ಕೊನೆಯ ಪದ ಯಾವುದು?" ಎಂದು ಗಟ್ಟಿಯಾಗಿಯೇ ಕೇಳಿಬಿಟ್ಟೆ. ನನಗೆ ಗೊತ್ತಿರಲಿಲ್ಲ. ಯಾವತ್ತೂ ಗೊತ್ತಿರಲಿಲ್ಲ ನೆಲ್ಲಾ. ದಿನವಿಡೀ ದುಡಿದು ಬಂದವನು, ಬಾಯಿ ಓದುತ್ತಿತ್ತು, ತಲೆ ಮಲಗಿರುತ್ತಿತ್ತು. ನೀನು ಹೇಳಿದ್ದು ಸರಿಯೋ ತಪ್ಪೋ ಎಂದು ಒಂದು ದಿನವೂ ನೋಡಿದವನಲ್ಲ. "ಈರುಳ್ಳಿ" ಎಂದಿದ್ದರೂ ತಲೆಯಾಡಿಸುತ್ತಿದ್ದೆ. ಟನ್ನೆಕೆ ಹೋದ ಮೇಲೆ ಆ ಮೇಜಿನಲ್ಲಿ ನೀನಾಗಿ ಒಂದು ಮಾತೂ ಆಡುತ್ತಿರಲಿಲ್ಲ. ಅದನ್ನು ಕೇಳಿದರೆ ಒಂದು ಪದವನ್ನಾದರೂ ಹೇಳುತ್ತಿದ್ದೆ. ನನಗೆ ನಿನ್ನ ದನಿ ಬೇಕಿತ್ತು.