ಕೊಂಬೆಗೊಂದು ಸೀಟು

ಫೆಬ್ರವರಿ 9, ಸೋಮವಾರ

…ಮೌನವೂ ಪಾಠದ ಭಾಗ ಎಂದಳೋ ಮೇಡಂ, ಪಾಠವೇ ಮೌನದ ಭಾಗ ಎಂದಳೋ. ಮನೆ ಸೇರುವಷ್ಟರಲ್ಲಿ ಅದಲುಬದಲಾಗಿದೆ. ಹೇಗಿದ್ದರೂ ತಾತ್ಪರ್ಯ ಒಂದೇ: ನಾನು ಹೆಚ್ಚು ಮಾತಾಡುತ್ತೇನೆ.

ಚಾರ್ಮೇನ್ ಮೇಡಂ, ನಮ್ಮ ತರಬೇತುದಾರಳು. ವಿಯೆಟ್ನಾಮಿನಲ್ಲಿ ಇಂಗ್ಲಿಷ್ ಕಲಿಸಿ ಬಂದವಳು. ಈಗ ಡರ್ಬನ್ನಿನ ಟೈರ್ ಅಂಗಡಿಯೊಂದರ ಮಹಡಿಯಲ್ಲಿ ನಮ್ಮನ್ನು ಇಂಗ್ಲಿಷ್ ಮೇಷ್ಟ್ರುಗಳಾಗಿ ಅಲ್ಲಿಗೆ ಕಳಿಸಲು ತಯಾರು ಮಾಡುತ್ತಾಳೆ. ನನ್ನ ಅರ್ಧ ವಯಸ್ಸು.

"ಆಲ್ಫಿಯಸ್ ಅಂಕಲ್, ಒಂದ್ಸಲ ಹೇಳಿದ್ರೆ ಸಾಕು. ಯಾಕೆ ಎಲ್ಲಾನೂ ಎರಡೆರಡು ಸಲ?"

"ಅಭ್ಯಾಸ, ಮೇಡಂ. ಅಭ್ಯಾಸ."

ರೈಲು ನಿಲ್ದಾಣದ ಉದ್ಘೋಷಕನಾಗಿದ್ದೆ. ನಾನು ಹೆಸರು ಕೂಗಿದ ರೈಲುಗಳೆಲ್ಲ ಹೊರಟವು; ನಾನು ಕಿಟಕಿಯಿಲ್ಲದ ಕೋಣೆಯಲ್ಲಿ ಉಳಿದೆ. ಆಮೇಲೆ ಯಂತ್ರ ಬಂತು. ಅದೂ ಎರಡು ಸಲ ಹೇಳುತ್ತದೆ. ಅದನ್ನು ಯಾರೂ ತಿದ್ದುವುದಿಲ್ಲ.

ಫೆಬ್ರವರಿ 13, ಶುಕ್ರವಾರ

ಮೊದಲ ಅಭ್ಯಾಸ ಪಾಠ. ಎದುರಿಗೆ ಕಾಂಗೋ, ಬುರುಂಡಿಯಿಂದ ಬಂದವರು. ಇಂಗ್ಲಿಷ್ ಪುಕ್ಕಟೆ ಎಂದು ಬರುತ್ತಾರೆ. ಕಲಿಸುವವರೂ ಕಲಿಯುವವರೇ ಎಂಬುದು ಅವರಿಗೆ ತಿಳಿದಿದೆ. ದೊಡ್ಡ ಮನಸ್ಸು.

ನಿಯಮ: ವಸ್ತು ತೋರಿಸು, ಪ್ರಶ್ನೆ ಕೇಳು. ಕೊಡೆ ತೋರಿಸಿದೆ. ಇದು ಕೊಡೆಯೇ? ಇದು ಆನೆಯೇ?

ಫಿಲಿಬರ್ ಎಂಬ ಕ್ಷೌರಿಕ ಕೈ ಎತ್ತಿದ. "ಸರ್, ಉತ್ತರ ಗೊತ್ತಿದ್ದೂ ಕೇಳ್ತಾ ಇದೀರಲ್ಲ?"

"ಹೌದು."

"ನಮ್ಮೂರಲ್ಲಿ ಪೊಲೀಸರು ಹಾಗೇ ಕೇಳೋದು."

ತರಗತಿಯೆಲ್ಲ ನಕ್ಕಿತು. ಮೇಡಂ ಏನನ್ನೋ ಬರೆದುಕೊಂಡಳು… ನಾನು ಇನ್ನೊಮ್ಮೆ ಕೇಳಿದೆ. ಇದು ಆನೆಯೇ?

ಫೆಬ್ರವರಿ 22, ಭಾನುವಾರ

ಉಮ್ಲಾಜಿ, ನನ್ನ ಮನೆ. ಟ್ರೈಫೀನಾ ಅತ್ತೆ, ಅಪ್ಪನ ತಂಗಿ, ಚರ್ಚಿನಿಂದ ನೇರ ಬಂದರು. ಗೋಡೆಯ ನಕ್ಷೆಯ ಮುಂದೆ ನಿಂತು ವಿಯೆಟ್ನಾಮಿನ ಮೇಲೆ ಬೆರಳಿಟ್ಟರು.

"ಆ ಜನಕ್ಕೆ ಸ್ವಂತ ಭಾಷೆ ಇಲ್ವೇನೋ?"

"ಇದೆ ಅತ್ತೆ."

"ಮತ್ತೆ? ಇಂಗ್ಲಿಷ್ ನಿನ್ನದೂ ಅಲ್ಲ, ಅವರದೂ ಅಲ್ಲ. ಇಲ್ಲಿಂದ ಹೊತ್ಕೊಂಡು ಹೋಗ್ಬೇಕಾ? ಎಷ್ಟು ದಿನ?"

"ಒಂದು ವರ್ಷ."

"ಈ ಕೆಂಪು ಗೆರೆ ಅಲ್ಲಿಗೇ ನಿಂತಿಲ್ವಲ್ಲ?"

ಅದು ರೈಲು ದಾರಿ, ಎಂದೆ. ಸುಳ್ಳಲ್ಲ. ವಿಯೆಟ್ನಾಮಿನ ವಿನ್ ಊರಲ್ಲಿ ಒಂದು ವರ್ಷ ಪಾಠ. ನಂತರ ಹನೋಯ್, ಚೀನಾ, ಮಂಗೋಲಿಯಾ, ಸೈಬೀರಿಯಾ. ರೈಲು ಬದಲಿಸುತ್ತ, ರೈಲು ಇರುವವರೆಗೂ. ಪಾಠವೆಂಬುದು ಟಿಕೆಟ್ಟು ಮಾತ್ರ. ಇದನ್ನು ಅತ್ತೆಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ.

ಮಾರ್ಚ್ 14

ಪಾಸ್. ಮೇಡಂ ಷರಾ: ‘ಧ್ವನಿ ಅತ್ಯುತ್ತಮ. ಎಲ್ಲಿಗೋ ಹೊರಟುಬಿಡಬೇಕು ಅನಿಸುತ್ತದೆ.’ ವಿನ್ ಶಾಲೆಯಿಂದಲೂ ಒಪ್ಪಿಗೆ ಬಂತು.

ಅತ್ತೆ ಫೋನಿನಲ್ಲಿ: "ತೀರಿಕೊಂಡ ಹಿರಿಯರಿಗೆ ಹೇಳದೆ ಕಡಲು ದಾಟೋ ಹಾಗಿಲ್ಲ." ಅಂಥದರಲ್ಲಿ ನನಗೆ ನಂಬಿಕೆಯಿಲ್ಲ. ವಿಮಾನದ ಟಿಕೆಟ್ ಮಾತ್ರ ಇನ್ನೂ ತೆಗೆದಿಲ್ಲ.

ಮಾರ್ಚ್ 28, ಶನಿವಾರ

ಅತ್ತೆಯ ಮನೆಯ ಹಿಂದಿನ ಕೋಣೆ. ಹಿರಿಯರನ್ನು ಕರೆಯಲು ಸುಡುವ ಇಂಪೆಪೊ ಸೊಪ್ಪಿನ ಹೊಗೆ. ಮನೆತನದಲ್ಲಿ ಹಿರಿಯ ಗಂಡಸು ಉಳಿದಿಲ್ಲ. ಸತ್ತವರೊಡನೆ ಮಾತು ಅತ್ತೆಯದೇ. ಮೊಣಕಾಲೂರಿ, ಕಣ್ಣು ಮುಚ್ಚಿ —

"ಮಂಜಿನಿ ಕುಲದೋರೇ, ನಿಮ್ಮ ಹುಡುಗ ಕೆಲಸಕ್ಕೆ ಹೊರಟಿದಾನೆ. ಅವನ ಜೊತೆ ಹೋಗಿ. ಆ ಊರಿನ ಹೆಸರು ನನ್ನ ಬಾಯಲ್ಲಿ ಹೊರಳಲ್ಲ, ಅವನೇ ಹೇಳ್ತಾನೆ. ಹೇಳೋ!"

ಗಂಟಲು ಸರಿಮಾಡಿಕೊಂಡೆ. ಹಳೆಯ ಧ್ವನಿ ತಾನಾಗಿ ಎದ್ದಿತು. ವಿನ್, ವಿನ್. ಅಲ್ಲಿಗೆ ನಿಲ್ಲಲಿಲ್ಲ. ಹನೋಯ್, ಹನೋಯ್. ನಾನ್ನಿಂಗ್. ಬೀಜಿಂಗ್. ಉಲಾನ್‌ಬಾತರ್. ಇರ್ಕುಟ್ಸ್ಕ್… ಎಲ್ಲವೂ ಎರಡು ಸಲ.

ಅತ್ತೆ ಕಣ್ಣು ತೆರೆದರು. "ವಾಪಸು ರೈಲು?"

ಮೇಡಂ ಇಷ್ಟು ದಿನ ಬೇಡಿದ ಮೌನ ಆಗ ಬಂತು.

"ಇಲ್ವಾ? ಅಲ್ಲೆಲ್ಲೋ ಹಿಮದಲ್ಲಿ ಸತ್ರೆ ಕೊಂಬೆ ಹಿಡ್ಕೊಂಡು ನಿನ್ನ ಜೀವ ಕರ್ಕೊಂಡ್ಬರೋಕೆ ಯಾರು ಬರ್ತಾರೋ? ಈ ಮಂಡಿ ಇಟ್ಕೊಂಡು ನಾನಾ? ನಿಮ್ಮಪ್ಪನಿಗೆ ಜೋಹಾನ್ಸ್‌ಬರ್ಗ್ ಸಾಕಾಗಿತ್ತು!"

ಸೊಪ್ಪನ್ನು ಬೆರಳಿಂದ ಹೊಸಕಿ ಆರಿಸಿದರು. "ಅರ್ಧಕ್ಕೆ ನಿಂತಿದೆ. ವಾಪಸು ರೈಲು ಗೊತ್ತಾದ ಮೇಲೆ ಮಿಕ್ಕಿದ್ದು."

ಮಾರ್ಚ್ 29

ಅಪ್ಪ ಸತ್ತದ್ದು ಜೋಹಾನ್ಸ್‌ಬರ್ಗಿನಲ್ಲಿ, ಎಷ್ಟೋ ವರ್ಷಗಳ ಹಿಂದೆ. ದೇಹ ಮೊದಲೇ ಬಂದಿತ್ತು. ಜೀವವನ್ನು ಕರೆತರಲು ಅತ್ತೆಯೂ ನಾನೂ ಹೋದೆವು. ಸತ್ತ ಜಾಗದಲ್ಲಿ ಮುಳ್ಳುಕೊಂಬೆ ಇಟ್ಟು, ಬನ್ನಿ ಎಂದು ಕರೆದು, ಕೊಂಬೆಯನ್ನು ಮನೆಗೆ ತರಬೇಕು. ಹಿಡಿದವನು ಬದುಕಿರುವ ಯಾರೊಡನೆಯೂ ಮಾತಾಡಬಾರದು. ಕೊಂಬೆಗೂ ಒಂದು ಸೀಟು.

"ಈ ಸೀಟು ಯಾರದಮ್ಮಾ?" ಎಂದ ರೈಲಿನ ಟಿಕೆಟ್ ಪರೀಕ್ಷಕ.

"ನಮ್ಮಣ್ಣಂದು. ಎಬ್ಬಿಸ್ಬೇಡಿ."

ಅವನು ಕೊಂಬೆಗೆ ಟೋಪಿ ತೆಗೆದು, ಟಿಕೆಟ್ ತೂತು ಮಾಡಿದ. ಕೊಂಬೆ ಹೊತ್ತ ನಾನು ದಾರಿಯುದ್ದಕ್ಕೂ ಅಪ್ಪನಿಗೆ ಮಾತ್ರ ಹೇಳುತ್ತಿದ್ದೆ. ಅಪ್ಪಾ, ಸ್ಟಾಂಡರ್ಟನ್. ಇಳಿಯಬೇಡಿ. ಅಪ್ಪಾ, ನ್ಯೂಕಾಸಲ್. ಇಳಿಯಬೇಡಿ. ಮೊದಲ ಸಲ ಕೇಳಿಸದಿದ್ದರೆ ಎಂದು, ಎರಡೆರಡು ಸಲ.

ಏಪ್ರಿಲ್ 9

ನಕ್ಷೆ ಕಳಚಿದೆ. ಮತ್ತೆ ಅಂಟಿಸಿದೆ. ಇರ್ಕುಟ್ಸ್ಕಿನಿಂದ ಇಲ್ಲಿಗೆ ಗೆರೆ ಎಳೆಯಲು ಹೋದರೆ ಪೆನ್ಸಿಲಿನ ತುದಿ ಮುರಿಯಿತು. ಇದಕ್ಕೇನೂ ಅರ್ಥ ಹಚ್ಚಬಾರದು.

ಏಪ್ರಿಲ್ 18, ಶನಿವಾರ

ಅತ್ತೆಯೇ ಬಂದರು. ಚೀಲದಿಂದ ತಮ್ಮ ಫೋಟೋ ತೆಗೆದರು. ಚರ್ಚಿನ ಟೋಪಿಯಿಲ್ಲದೆ ಅವರನ್ನು ಮೊದಲ ಸಲ ನೋಡಿದೆ.

"ಪಾಸ್‌ಪೋರ್ಟಿಗೆ. ನಗಬಾರದಂತೆ."

"ನಿಮಗ್ಯಾಕತ್ತೆ ಪಾಸ್‌ಪೋರ್ಟು?"

"ನಿನ್ನ ಬಾಯಲ್ಲಿ ವಾಪಸು ಅನ್ನೋ ಮಾತು ಬರ್ತಾ ಇಲ್ವಲ್ಲ, ಕೊಂಬೆ ಹಿಡ್ಕೊಂಡು ನಾನೇ ಬರ್ಬೇಕು. ವಿಮಾನದೋನ ಹತ್ರ ಕೇಳಿದೆ. ಮುಳ್ಳಿನ ಕೊಂಬೆ ಸೀಟಲ್ಲಿ ಇಡಂಗಿಲ್ಲ, ಲಗೇಜಿಗೆ ಹಾಕಿ ಅಂದ. ನಮ್ಮ ಹುಡುಗನ್ನ ಲಗೇಜಿಗೆ ಹಾಕ್ತೀಯಾ ಅಂತ ಚೆನ್ನಾಗಿ ಉಗಿದು ಬಂದೆ." ಫೋಟೋವನ್ನು ಮತ್ತೆ ಚೀಲಕ್ಕೆ ಹಾಕುತ್ತ, "ಅದಕ್ಕೇ ಕೇಳ್ಕೊಳ್ತೀನಿ, ಬದುಕಿದ್ದೇ ಬಾ. ಅದು ಸುಲಭ."

"ಬರ್ತೀನಿ ಅತ್ತೆ," ಎಂದೆ.

"ಇನ್ನೊಂದ್ಸಲ ಹೇಳು."

ಹೇಳಿದೆ. ಆಮೇಲೆ ಅತ್ತೆಯ ಆ ಹಿಂದಿನ ಕೋಣೆಗೆ ಹೋಗಿ ಮಿಕ್ಕಿದ್ದನ್ನು ಮುಗಿಸಿದೆವು. ಹೊಗೆ ನೇರ ಮೇಲಕ್ಕೆ ಹೋಯಿತು.

ಮೇ 3, ವಿಮಾನ ನಿಲ್ದಾಣ

ಉದ್ಘೋಷಕಿ ಚೆನ್ನಾಗಿ ಹೇಳುತ್ತಾಳೆ. ಕೊನೆಯ ಪದ ಮಾತ್ರ ನುಂಗುತ್ತಾಳೆ. ಪಕ್ಕದ ಕುರ್ಚಿ ಖಾಲಿ. ಯಾರೋ ಕೂರಲು ಬಂದರು. ಯಾಕೋ ಚೀಲ ಇಟ್ಟೆ.

ವಿಮಾನ ಹತ್ತುವ ಸಾಲು ಎದ್ದಿತು… ಅಪ್ಪಾ, ಅಂದು ಒಂದೊಂದು ನಿಲ್ದಾಣದಲ್ಲೂ ಇಳಿಯಬೇಡಿ, ಇಳಿಯಬೇಡಿ ಎಂದೆನಲ್ಲ — ಇಳಿಯಬೇಕು ಅನಿಸಿದ ಊರು ಯಾವುದಾದರೂ ಇತ್ತೇ?